ಅತ್ತೆಯ ಪಾದಕ್ಕೆ ಎಳೆದ ಗೆರೆ

ಅತ್ತೆಯ ಬಲಗಾಲಿಗೆ ಮುಳ್ಳು ಚುಚ್ಚಿದ್ದು ಅತ್ತೆಗೇ ಗೊತ್ತಿರಲಿಲ್ಲ. ಕುರಿ ಹೊಡೆದುಕೊಂಡು ಬಂದು, ಕೈಕಾಲು ತೊಳೆದು, ಉಂಡು ಮಲಗಿದ್ದಾಳೆ. ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಹಿತ್ತಿಲ ಬಾಗಿಲವರೆಗೆ ರಕ್ತದ ಚುಕ್ಕೆಗಳನ್ನು ಕಂಡು, ಬೆಕ್ಕು ಏನನ್ನೋ ಕಚ್ಚಿಕೊಂಡು ಬಂದಿದೆ ಅಂದುಕೊಂಡು ಒರೆಸಿದ್ದಾಳೆ. ಒರೆಸಿದಲ್ಲೇ ಮತ್ತೆ ಚುಕ್ಕೆ ಬಿತ್ತಂತೆ. ಮಾವ ಅವಳನ್ನು ಕೂರಿಸಿ ಪಾದ ತಿರುಗಿಸಿ ನೋಡಿದರೆ ಕಿರುಬೆರಳಿನ ಕೆಳಗೆ, ಪಾದದ ಅಂಚಿನಲ್ಲಿ, ಜಾಲಿ ಮುಳ್ಳು ಮುರಿದು ನಿಂತಿತ್ತು. ಅದನ್ನು ಎಳೆದು ತೆಗೆಯುವಾಗಲೂ ಅವಳು ಮುಖ ಕಿವುಚಲಿಲ್ಲ. ರಕ್ತ ನೋಡಿ ಹೆದರದ ಮಾವ, ಅವಳಿಗೆ ನೋವಾಗದ್ದನ್ನು ನೋಡಿ ಹೆದರಿದರು.

ಸಕ್ಕರೆ ಕಾಯಿಲೆ ಅವಳಿಗೆ ಬಹಳ ವರ್ಷದಿಂದ ಇತ್ತು. ಕಾಲಿನ ನರಗಳು ಯಾವಾಗ ಸುಮ್ಮನಾದವೋ ಯಾರಿಗೂ ತಿಳಿದಿರಲಿಲ್ಲ. ಮುಳ್ಳಿನ ಗಾಯ ತಿಂಗಳಾದರೂ ಮಾಯಲಿಲ್ಲ, ಒಂದು ಅಡಿಕೆಯ ಅಗಲಕ್ಕೆ ಬಾಯಿ ಬಿಟ್ಟುಕೊಂಡಿತು. ಆಗ ಮಾವ ನನಗೆ ಫೋನು ಮಾಡಿದರು.

ಈ ಅತ್ತೆ ನನ್ನ ಅಪ್ಪನ ತಂಗಿ. ಊರು ಸೊರಬದ ಕಡೆಯ ಹೊಸಬಾಳೆ. ನಾನು ಪಿಯುಸಿ ಓದುವಾಗ ಎರಡು ವರ್ಷ ಅವಳ ಮನೆಯಲ್ಲೇ ಇದ್ದೆ. ಈಗ ಶಿಕಾರಿಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಅವಳ ಕಾಲಿಗೆ ಗಾಯವಾದ ವರ್ಷ ನಾನು ಎಂ.ಟೆಕ್. ಮುಗಿಸಲು ಒಂದು ಪ್ರಾಜೆಕ್ಟ್ ಮಾಡುತ್ತಿದ್ದೆ. ಫೋಟೊದಲ್ಲಿರುವ ಒಂದು ವಸ್ತುವಿನ ಅಂಚನ್ನು ಕಂಪ್ಯೂಟರ್ ತಾನಾಗಿಯೇ ಹುಡುಕಬೇಕು, ಅದು ನನ್ನ ವಿಷಯ. ಅಲ್ಲಿಯವರೆಗೆ ಎಲೆ, ಲೋಟ, ಕೀಲಿಕೈಗಳ ಫೋಟೊ ಇಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದೆ. ಮಾವನ ಫೋನು ಬಂದಾಗ ಗಾಬರಿಯ ಜೊತೆಗೇ, ಗಾಯದ ಅಂಚನ್ನೂ ಹೀಗೆ ಹುಡುಕಬಹುದಲ್ಲ ಎಂಬ ಯೋಚನೆ ಬಂದದ್ದು ನಿಜ. ಅದನ್ನು ಈಗ ಮುಚ್ಚಿಡುವುದಿಲ್ಲ.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಹೋದೆ. ಆರೋಗ್ಯ ಉಪಕೇಂದ್ರದ ಸಿಸ್ಟರ್ ಡ್ರೆಸ್ಸಿಂಗ್ ಮಾಡಲು ಮನೆಗೇ ಬಂದಿದ್ದರು. ಅವರು ಗಾಯ ತೊಳೆದ ಮೇಲೆ ಪಕ್ಕದಲ್ಲಿ ಅಳತೆಗೆಂದು ಒಂದು ಬಿಳಿ ಕಾಗದದ ಚೌಕ ಅಂಟಿಸಿ ಫೋಟೊ ತೆಗೆದೆ.

"ಇದೆಂತದೇ, ಕಾಲ್ ಫೋಟ ತೆಗೀತೀಯ?" ಅಂದಳು ಅತ್ತೆ. "ಇಷ್ಟ್ ವರ್ಷ ಆತು, ಮುಖದ್ ಫೋಟ ಒಂದಿನಾನೂ ತೆಗ್ದಿಲ್ಲ ನೀನು."

ನಾನು ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟು ತೋರಿಸಿದೆ. ಗಾಯದ ಸುತ್ತ, ದೂರದಲ್ಲಿ, ಹಳದಿ ಬಣ್ಣದ ಒಂದು ದೊಡ್ಡ ಸುತ್ತು ಹಾಕಬೇಕು. ಆ ಸುತ್ತು ರಬ್ಬರಿನ ಹಾಗೆ. ಬಿಟ್ಟರೆ ಕುಗ್ಗುತ್ತದೆ, ಸೊಟ್ಟ ಇರುವಲ್ಲಿ ನೇರವಾಗುತ್ತದೆ. ಅದು ಅದರ ಒಳಗಿನ ಸೆಳೆತ. ಫೋಟೊದಲ್ಲಿ ಬಣ್ಣ ಥಟ್ಟನೆ ಬದಲಾಗುವ ಜಾಗ, ಅಂದರೆ ಚರ್ಮ ಮುಗಿದು ಗಾಯ ಶುರುವಾಗುವ ಜಾಗ, ಗೆರೆಯನ್ನು ಹಿಡಿದುಕೊಳ್ಳುತ್ತದೆ. ಅದು ಹೊರಗಿನ ಸೆಳೆತ. ಎರಡೂ ಸಮವಾದಲ್ಲಿ ಗೆರೆ ನಿಲ್ಲುತ್ತದೆ. ನಿಂತ ಗೆರೆಯ ಒಳಗೆ ಎಷ್ಟು ಜಾಗವಿದೆ ಎಂದು ಲೆಕ್ಕ ಹಾಕಿದರೆ ಗಾಯದ ಅಳತೆ ಸಿಗುತ್ತದೆ. ಹೀಗೆ ನುಲಿದುಕೊಂಡು ಹೋಗಿ ಅಂಚನ್ನು ಸುತ್ತಿಕೊಳ್ಳುವುದರಿಂದ ನಮ್ಮ ವಿಷಯದಲ್ಲಿ ಇದಕ್ಕೆ ಸ್ನೇಕ್ ಎಂದೇ ಹೆಸರು. ಅತ್ತೆಯ ಎದುರು ಹಾವಿನ ಹೆಸರು ಎತ್ತಲಿಲ್ಲ. ಗೆರೆ ಅಂದೆ.

ಮೊದಲ ಶನಿವಾರ ಆರು ಚದರ ಸೆಂಟಿಮೀಟರ್ ಬಂತು. ಎರಡನೆಯ ಶನಿವಾರ ಐದೂವರೆ. ಆಮೇಲೆ ಐದು, ನಾಲ್ಕು, ಮೂರೂವರೆ. ಆರನೆಯ ವಾರದ ಹೊತ್ತಿಗೆ ಅತ್ತೆ ಬಾಗಿಲಲ್ಲೇ ಕಾದು ಕೂರುತ್ತಿದ್ದಳು. ನಾನು ಸಂಖ್ಯೆ ಹೇಳಿದ ಕೂಡಲೇ ಪಕ್ಕದ ಮನೆಗೆ ಕೂಗಿ ಹೇಳುತ್ತಿದ್ದಳು. ಏಳನೆಯ ವಾರ ಎರಡೂವರೆಗೆ ಇಳಿದಾಗ ಅವಳು ನನಗೆಂದು ಕೋಳಿ ಕೊಯ್ಯಿಸಿದಳು. ಮಾವ ಮಾತ್ರ ಲ್ಯಾಪ್‌ಟಾಪಿನ ಹತ್ತಿರ ಬರುತ್ತಿರಲಿಲ್ಲ. ಕಟ್ಟು ಬಿಚ್ಚುವಾಗ ಬಂದು ಕೂತು, ಬಗ್ಗಿ ನೋಡಿ, ಎದ್ದು ಹೋಗುತ್ತಿದ್ದರು.

ಎಂಟನೆಯ ಶನಿವಾರ ಗೆರೆ ಸರಿಯಾಗಿ ನಿಲ್ಲಲಿಲ್ಲ.

ಮೂರು ಕಡೆಯಿಂದ ಗಾಯದ ಅಂಚಿಗೆ ಬಂದು ಕೂತಿತು. ಪಾದದ ಮೇಲ್ಭಾಗದ ಕಡೆ, ಹರಡಿನ ಗಂಟಿನ ದಿಕ್ಕಿಗೆ, ಬರಲೇ ಇಲ್ಲ. ಅಲ್ಲಿ ಏನೂ ಇಲ್ಲದ ಚರ್ಮದ ಮೇಲೆ, ಗಾಯದಿಂದ ನಾಲ್ಕು ಬೆರಳು ದೂರದಲ್ಲಿ, ಸಣ್ಣಗೆ ನಡುಗುತ್ತ ನಿಂತುಬಿಟ್ಟಿತು. ಗಾಯಕ್ಕೊಂದು ಬಾಲ ಬಂದ ಹಾಗೆ ಕಾಣುತ್ತಿತ್ತು. ಅಳತೆ ಒಂಬತ್ತು ಎಂದು ತೋರಿಸಿತು. ಮತ್ತೆ ಹಾಕಿದೆ. ಮತ್ತೆ ಅಲ್ಲೇ ನಿಂತಿತು. ಬೇರೆ ಫೋಟೊ ತೆಗೆದು ನೋಡಿದೆ. ಆಗಲೂ ಅದೇ ಜಾಗ.

ಇಂಥದ್ದನ್ನು ನಾನು ಲೋಟ, ಎಲೆಗಳ ಫೋಟೊದಲ್ಲಿ ಬೇಕಾದಷ್ಟು ಕಂಡಿದ್ದೆ. ನೆರಳು ಬಿದ್ದರೆ, ಮೇಜಿನ ಮೇಲೆ ಗೀರು ಇದ್ದರೆ, ಗೆರೆ ಸುಳ್ಳು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಮದ್ದೂ ಗೊತ್ತಿತ್ತು. ಒಳಗಿನ ಸೆಳೆತವನ್ನು ಹೆಚ್ಚಿಸಬೇಕು. ಗೆರೆ ಬಿಗಿಯಾದರೆ ಮಸುಕಾದ ಅಂಚನ್ನು ದಾಟಿಕೊಂಡು ಗಟ್ಟಿ ಅಂಚಿಗೆ ಬಂದು ನಿಲ್ಲುತ್ತದೆ. ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿದೆ, ಅದರದ್ದೇ ಕೆಲಸ ಅಂದುಕೊಂಡು ಬಿಗಿ ಮಾಡಿದೆ. ಗೆರೆ ಒಮ್ಮೆ ತಡವರಿಸಿ ಸರಸರನೆ ಒಳಗೆ ಸರಿದು ಗಾಯದ ಬಾಯಿಗೆ ಅಂಟಿಕೊಂಡಿತು. ಎರಡು ಕಾಲು.

"ಇನ್ನೂ ಇಳಿದಿದೆ ಅತ್ತೆ," ಅಂದೆ.

ಮಾವ ಬಾಗಿಲ ಬಳಿ ನಿಂತಿದ್ದರು. "ವಾಸ್ನೆ ಐತೆ ಕಣವ್ವ," ಅಂದರು.

"ಔಷಧಿ ವಾಸನೆ ಇರ್ಬೇಕು ಮಾವ."

"ಔಷ್ದಿ ವಾಸ್ನೆ ನಂಗೊತ್ತಿಲ್ವಾ? ಕುರಿ ಗೊರಸು ಕೊಳೀತಿದ್ರೆ ಮೇಲೆ ಒಣಗ್ದಂಗೇ ಕಾಣ್ತೈತೆ. ಒಳಗೆ ಹಿಂಗೇ ವಾಸ್ನೆ ಹೊಡೀತೈತೆ."

ಸಿಸ್ಟರ್ ಕೈಗವಸು ತೆಗೆದು, ಬರಿಗೈಯ ಹಿಂಭಾಗವನ್ನು ಪಾದದ ಮೇಲಿಟ್ಟರು. ಆಮೇಲೆ ಇನ್ನೊಂದು ಪಾದದ ಮೇಲಿಟ್ಟರು. "ಮೇಡಂ, ಇದು ಬಿಸಿ ಇದೆ. ನಂಗ್ಯಾಕೋ ಸರಿ ಕಾಣ್ತಾ ಇಲ್ಲ. ಸೋಮವಾರ ಸೊರಬಕ್ಕೆ ಕರ್ಕೊಂಡ್ ಹೋಗಿ ಡಾಕ್ಟ್ರಿಗೆ ತೋರ್ಸೋಣ್ವಾ?"

"ತೋರ್ಸೋಣ ಸಿಸ್ಟರ್. ಆದ್ರೆ ಗಾಯ ವಾರದಿಂದ ವಾರಕ್ಕೆ ಕಮ್ಮಿ ಆಗ್ತಿದೆಯಲ್ಲ, ನೀವೇ ನೋಡಿ," ಎಂದು ಎಂಟು ವಾರದ ಪಟ್ಟಿಯನ್ನು ಅವರ ಕಡೆ ತಿರುಗಿಸಿದೆ. "ಮುಂದಿನ ಶನಿವಾರ ನೋಡಿ ಹೋದ್ರಾಯ್ತು."

ಅವರು ಪಟ್ಟಿ ನೋಡಿದರು, ನನ್ನನ್ನು ನೋಡಿದರು. ಇಪ್ಪತ್ತು ವರ್ಷದಿಂದ ಗಾಯ ತೊಳೆದ ಕೈ ಅವರದು. ಆದರೂ ಕಾಲೇಜಿನ ಮೇಡಂ ಹೇಳುತ್ತಿದ್ದಾಳೆ, ಪರದೆಯ ಮೇಲೆ ಇಳಿಯುವ ಸಂಖ್ಯೆ ಇದೆ. "ಸರಿ ಮೇಡಂ," ಅಂದು ಕಟ್ಟು ಕಟ್ಟಿದರು. ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಬುಧವಾರ ನಾನು ಪಾಠ ಮಾಡುತ್ತಿದ್ದಾಗ ಮಾವನ ಫೋನು ಮೂರು ಸಲ ಬಂತು. ಅತ್ತೆಗೆ ಚಳಿಜ್ವರ, ಮಾತು ತೊದಲುತ್ತಿದೆ, ಸಿಸ್ಟರ್ ಆಂಬುಲೆನ್ಸ್ ಕರೆಸಿ ಶಿವಮೊಗ್ಗಕ್ಕೆ ಕಳಿಸುತ್ತಿದ್ದಾರೆ ಎಂದರು. ನಾನು ಶಿಕಾರಿಪುರದಿಂದ ನೇರ ಶಿವಮೊಗ್ಗಕ್ಕೆ ಹೋದೆ. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಅವಳು ಕಣ್ಣು ಅರ್ಧ ಮುಚ್ಚಿ ಮಲಗಿದ್ದಳು. ಯುವ ಸರ್ಜನ್ ಒಬ್ಬರು ಹೊದಿಕೆ ಸರಿಸಿ, ಅವಳ ಕಾಲಿನ ಮೇಲೆ ಬಾಲ್ ಪೆನ್ನಿನಿಂದ ಗೆರೆ ಎಳೆಯುತ್ತಿದ್ದರು. ಕೆಂಪು ಎಲ್ಲಿಯವರೆಗೆ ಏರಿದೆ ಎಂದು ಗುರುತು ಮಾಡುವ ಗೆರೆ. ಮಧ್ಯಾಹ್ನ ಎಳೆದ ಗೆರೆ ಹರಡಿನ ಮೇಲಿತ್ತು. ಈಗ ಎಳೆಯುತ್ತಿದ್ದದ್ದು ಮೀನಖಂಡದ ಹತ್ತಿರ.

ಅತ್ತೆಯದು ಕಪ್ಪು ಮೈ. ಕೆಂಪು ಅದರ ಮೇಲೆ ಕೆಂಪಾಗಿ ಕಾಣುವುದಿಲ್ಲ. ಸ್ವಲ್ಪ ಗಾಢವಾಗಿ, ಸ್ವಲ್ಪ ಹೊಳಪಾಗಿ ಕಾಣುತ್ತದೆ, ಅಷ್ಟೇ.

"ಮೊದಲು ಎಲ್ಲಿಂದ ಶುರುವಾಗಿತ್ತು, ನೋಡಿದ್ರಾ?" ಎಂದು ಸರ್ಜನ್ ಕೇಳಿದರು.

ನಾನು ಪಾದದ ಮೇಲೆ, ಗಾಯದಿಂದ ನಾಲ್ಕು ಬೆರಳು ದೂರದಲ್ಲಿ, ಬೆರಳಿಟ್ಟು ತೋರಿಸಿದೆ. ಬೆರಳು ಇಟ್ಟ ಮೇಲೆ ನನಗೆ ಅರ್ಥವಾಯಿತು. ಗೆರೆ ನಡುಗುತ್ತ ನಿಂತದ್ದು ಅದೇ ಜಾಗದಲ್ಲಿ. ನನ್ನ ಕಣ್ಣಿಗೆ, ಸಿಸ್ಟರ್ ಕಣ್ಣಿಗೆ ಕಾಣದ ಮಸುಕು ಅಂಚೊಂದು ಆ ಫೋಟೊದಲ್ಲಿತ್ತು. ಗೆರೆ ಅದನ್ನು ಹಿಡಿದಿತ್ತು. ನಾನು ಬಿಡಿಸಿದ್ದೆ.

ಗುರುವಾರ ಬೆಳಿಗ್ಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಜೀವಕ್ಕೆ ಅಪಾಯವಿಲ್ಲ ಎಂದು ಹೇಳಲು ಸಂಜೆಯಾಯಿತು. ಮಾವ ಹೊರಗೆ ಕಟ್ಟೆಯ ಮೇಲೆ ಕೂತು, ಅತ್ತೆಯ ಎರಡೂ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ಕೈಯಲ್ಲಿ ಹಿಡಿದುಕೊಂಡಿದ್ದರು. ಏನು ಮಾಡಬೇಕೆಂದು ತಿಳಿಯದೆ ಅವರು ಅವನ್ನು ಚೀಲಕ್ಕೆ ಹಾಕುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದರು.

ಶುಕ್ರವಾರ ಬಟ್ಟೆ ತರಲೆಂದು ಶಿಕಾರಿಪುರಕ್ಕೆ ಬಂದೆ. ಬಂದವಳು ಮೊದಲು ಲ್ಯಾಪ್‌ಟಾಪ್ ತೆಗೆದೆ. ಎಂಟನೆಯ ಶನಿವಾರದ ಫೋಟೊವನ್ನು ಹಳೆಯ, ಸಡಿಲ ಸೆಳೆತದಲ್ಲಿ ಮತ್ತೊಮ್ಮೆ ಓಡಿಸಿದೆ. ಗೆರೆ ಬಂದು ಅಲ್ಲೇ ನಿಂತಿತು. ಏಳನೆಯ ವಾರದ್ದನ್ನು ಓಡಿಸಿದೆ. ಅದು ಸಡಿಲವಾಗಿದ್ದಾಗಲೂ ಗಾಯದ ಬಾಯಿಗೇ ಬಂದಿತು. ಅಂದರೆ ಆ ಒಂದೇ ವಾರದಲ್ಲಿ ಆದದ್ದು. ಆಮೇಲೆ ಇನ್ನೊಬ್ಬರ ಕಾಲಿನ ನೆನಪು ಬಂತು.

ತೊಗರ್ಸಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ, ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ಅವಳ ಮಾವನವರದು ಬೀಜ, ಗೊಬ್ಬರದ ಅಂಗಡಿ. ಅವರಿಗೂ ಸಕ್ಕರೆ ಕಾಯಿಲೆ, ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳಿನ ಪಕ್ಕ ಗಾಯ. ಅತ್ತೆಯ ಗಾಯ ಇಳಿಯುತ್ತಿರುವ ಸುದ್ದಿ ಕೇಳಿ ಗೆಳತಿ ತಾನೂ ಫೋಟೊ ಕಳಿಸುತ್ತೇನೆ ಅಂದಿದ್ದಳು. ಗೆರೆ ಎಳೆಯುವ ಲೆಕ್ಕವನ್ನು ಫೋನಿನಲ್ಲೇ ಓಡುವ ಆ್ಯಪ್ ಮಾಡಿ ಅವಳಿಗೆ ಮೊದಲೇ ಕೊಟ್ಟಿದ್ದೆ. ಎಂಟನೆಯ ಶನಿವಾರ ಹೊಸಬಾಳೆಯಿಂದ ವಾಪಸು ಬರುವಾಗ ಬಸ್ಸಿನಲ್ಲೇ ಕೂತು, ಬಿಗಿ ಮಾಡಿದ ಹೊಸದನ್ನು ಅವಳಿಗೆ ಕಳಿಸಿದ್ದೆ. ಇದು ಇನ್ನೂ ಚೆನ್ನಾಗಿದೆ, ಹಳೆಯದನ್ನು ತೆಗೆದುಬಿಡು ಎಂದು ಬರೆದಿದ್ದೆ.

ಅವಳು ಭಾನುವಾರ ಕಳಿಸಿದ್ದ ಫೋಟೊ ನನ್ನ ಹತ್ತಿರವಿತ್ತು. ಅದರ ಜೊತೆಗೆ 'ಕಮ್ಮಿ ಆಗಿದೆ ಕಣೆ' ಎಂಬ ಸಂದೇಶವೂ ಇತ್ತು. ಸಡಿಲವಾಗಿ ಓಡಿಸಿದೆ. ಗೆರೆ ಹೆಬ್ಬೆರಳಿನ ಗಾಯಕ್ಕೆ ಬರಲಿಲ್ಲ. ಬೆರಳಿನ ಬುಡ ದಾಟಿ, ಪಾದದ ಮೇಲೆ ನಿಂತಿತು.

ಫೋನು ಮಾಡಿದೆ, ಅವಳು ಎತ್ತಲಿಲ್ಲ. ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮತ್ತೆ ಮತ್ತೆ ಮಾಡಿದೆ. ಭಾನುವಾರದಿಂದ ಶುಕ್ರವಾರಕ್ಕೆ ಐದು ದಿನ. ಅತ್ತೆಗೆ ಹಿಡಿದದ್ದು ನಾಲ್ಕು ದಿನ.

ಅಂಗಡಿಯ ಯಜಮಾನರು, ಅಂದರೆ ಗೆಳತಿಯ ಮಾವ, ಕಾಲನ್ನು ಗೊಬ್ಬರದ ಚೀಲದ ಮೇಲಿಟ್ಟುಕೊಂಡು ಕೂತಿದ್ದರು. ಹಣೆಯ ಮೇಲೆ ವಿಭೂತಿಯ ನಡುವೆ ಬೆವರು. ನಾನು ವಿಷಯ ಹೇಳಿದೆ.

"ಏನ್ ತಂಗಿ ಇದು? ನಿನ್ ಫೋನೇ ಕಮ್ಮಿ ಆಗೈತಿ ಅಂತ ಹೇಳ್ತು. ಈಗ ನೀನು ಹೆಚ್ಚಾಗೈತಿ ಅಂತೀಯ. ನಾನು ಯಾವುದನ್ನ ನಂಬ್ಲಿ?"

"ಫೋನ್ ನಂಬಬೇಡ್ರಿ. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು."

"ಇವತ್ತು ಲೋಡ್ ಬರೋದೈತಿ. ನಾಳೆ ನೋಡೋಣಂತ."

ಅಷ್ಟರಲ್ಲಿ ಗೆಳತಿ ಒಳಗಿನಿಂದ ಬಂದಳು. ನನ್ನ ಮುಖ ನೋಡಿ ಅಲ್ಲೇ ನಿಂತಳು. ನಾನು ಅವಳನ್ನು ಬಿಟ್ಟು ಯಜಮಾನರಿಗೇ ಹೇಳಿದೆ: "ನಿನ್ನೆ ನಮ್ಮತ್ತೆ ಕಾಲು ತೆಗೆದ್ರು ರೀ. ಶನಿವಾರ ಅವರದ್ದೂ ಕಮ್ಮಿ ಆಗಿದೆ ಅಂತಾನೇ ನಾನು ಹೇಳಿದ್ದೆ."

ಯಜಮಾನರು ಕಾಲನ್ನು ಚೀಲದಿಂದ ಮೆಲ್ಲಗೆ ಇಳಿಸಿ ಅದನ್ನೇ ನೋಡುತ್ತ ಕೂತರು. "ಎರಡು ದಿನದಿಂದ ಮೈ ಕಾಯ್ತಿತ್ತು," ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿದರು. ಗೆಳತಿ ಅಂಗಡಿಯ ಶಟರ್ ಎಳೆದಳು.

ಅವರ ಹೆಬ್ಬೆರಳು ಹೋಯಿತು, ಪಾದ ಉಳಿಯಿತು. ಒಂದೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರಂತೆ. ಯಜಮಾನರು ಗೆಳತಿಯ ಕೈಯಲ್ಲಿ ನನಗೆ ಒಂದು ಸೀರೆ ಕಳಿಸಿದರು. ಅದನ್ನು ನಾನು ಇದುವರೆಗೂ ಬಿಚ್ಚಿಲ್ಲ.

ಅತ್ತೆ ಮೂರು ವಾರ ಬಿಟ್ಟು ಹೊಸಬಾಳೆಗೆ ಬಂದಳು. ನಾನು ಅವಳಿಗೆ ಹೇಳಲೇಬೇಕಿತ್ತು. ಮೊದಲು ಸಿಸ್ಟರ್‌ಗೆ ಹೇಳಿದೆ. ಅವರು ತಮ್ಮ ಪುಸ್ತಕ ತೆಗೆದು ಆ ಶನಿವಾರದ ಸಾಲು ತೋರಿಸಿದರು. 'ಪಾದ ಬಿಸಿ, ವಾಸನೆ ಇದೆ, ಡಾಕ್ಟರಿಗೆ ತೋರಿಸಬೇಕು' ಎಂದಿತ್ತು. "ನಾನಾದ್ರೂ ಹಟ ಮಾಡ್ಬೇಕಿತ್ತು ಮೇಡಂ," ಅಂದರು. ಅವರು ಅತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅತ್ತೆ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮಾವ ಆಚೆ ಕುರಿದೊಡ್ಡಿಯಲ್ಲಿ ಸೊಪ್ಪು ಕಟ್ಟುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಗೆರೆ ಮೊದಲೇ ತೋರಿಸಿತ್ತು, ತಪ್ಪು ತೋರಿಸುತ್ತಿದೆ ಅಂದುಕೊಂಡು ನಾನೇ ಅದನ್ನು ಒಳಗೆ ಎಳೆದೆ, ಎಂದೆ.

ಅವಳು ಸೀರೆಯ ಅಂಚನ್ನು ಮೊಂಡುಗಾಲಿನ ಮೇಲೆ ಎಳೆದುಕೊಂಡಳು.

"ಅವತ್ತೇ ಹೋಗಿದ್ರೆ ಕಾಲು ಉಳೀತಿತ್ತಾ?"

"ಗೊತ್ತಿಲ್ಲ ಅತ್ತೆ. ಉಳೀಬಹುದಿತ್ತು."

"ನೀ ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಮುಳ್ಳು ಚುಚ್ತು, ಕಾಲು ಹೋತು ಅಂದ್ಕೊಂಡು ಇರ್ತಿದ್ದೆ." ಆಮೇಲೆ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು: "ಯಾಕ್ ಹೇಳ್ದೆ ಮಗಾ?"

ದೊಡ್ಡಿಯಲ್ಲಿ ಸೊಪ್ಪಿನ ಸದ್ದು ನಿಂತಿತ್ತು. ಮಾವ ಬೇಲಿಯ ಈಚೆ ಬಂದು, "ನಾನು ಅವತ್ತೇ ಹೇಳ್ದೆ," ಅಂದರು. ಮತ್ತೆ ದೊಡ್ಡಿಗೆ ಹೋದರು. ಅವಳಿಲ್ಲದೆ ಒಬ್ಬರೇ ಮೇಯಿಸಲಾಗದೆ ಆಮೇಲೆ ಅರ್ಧ ಕುರಿ ಮಾರಿದರು. ಈಗಲೂ ನಾನು ಹೋದರೆ "ಬಂದ್ಯಾ" ಅನ್ನುತ್ತಾರೆ, ಕೋಲು ತೆಗೆದುಕೊಂಡು ಹೊರಡುತ್ತಾರೆ, ನಾನು ಬಸ್ಸು ಹತ್ತುವವರೆಗೆ ತಿರುಗಿ ಬರುವುದಿಲ್ಲ. ಅತ್ತೆ ಮಾತ್ರ ಊಟ ಮಾಡಿಸದೆ ಕಳಿಸುವುದಿಲ್ಲ.

ಪ್ರಾಜೆಕ್ಟಿನಿಂದ ಆ ಒಂದು ಕಾಲನ್ನು ಬಿಟ್ಟುಬಿಡು, ಒಂದು ಉದಾಹರಣೆ ಕೆಟ್ಟರೆ ಎಲ್ಲವೂ ಕೆಡುತ್ತದೆ ಎಂದು ನನ್ನ ಮಾರ್ಗದರ್ಶಕರು ಹೇಳಿದರು. ನಾನು ಬಿಡಲಿಲ್ಲ. ಸಡಿಲ ಗೆರೆ, ಬಿಗಿ ಗೆರೆ, ಎರಡು ಚಿತ್ರಗಳನ್ನೂ ಅಕ್ಕಪಕ್ಕ ಹಾಕಿದೆ. ಪರೀಕ್ಷೆಗೆ ಬಂದವರು ಗೆರೆ ಎಷ್ಟು ಸೆಕೆಂಡಿನಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ಕಾಲು ಯಾರದ್ದೆಂದು ಕೇಳಲಿಲ್ಲ. ನಾನು ಪಾಸಾದೆ.

ಗೆಳತಿಯ ಫೋನಿನಿಂದ ಆ ಬಿಗಿ ಗೆರೆಯ ಆ್ಯಪನ್ನು ನಾನೇ ಅಳಿಸಿದ್ದೆ. ಅಷ್ಟರಲ್ಲಿ ಅವಳು ಯಾರಿಗೋ ಕಳಿಸಿದ್ದಳು, ಅವರು ಇನ್ಯಾರಿಗೋ. ಎಲ್ಲರಿಗೂ ಬೇಡವೆಂದು ಹೇಳಿಸಿದೆ. ಎಷ್ಟು ಜನರಿಗೆ ತಲುಪಿತೋ ತಿಳಿಯದು.

ಹೋದ ತಿಂಗಳು ಗುರುತಿಲ್ಲದ ನಂಬರಿನಿಂದ ಒಂದು ಸಂದೇಶ ಬಂತು. 'ಮೇಡಂ, ನಿಮ್ಮ ಆ್ಯಪ್ ತುಂಬಾ ಉಪಯೋಗ ಆಯ್ತು. ನಮ್ಮ ಅಮ್ಮನ ಗಾಯ ಕಮ್ಮಿ ಆಗ್ತಿದೆ.' ಜೊತೆಗೆ ಹಳದಿ ಗೆರೆ ಬಿಗಿಯಾಗಿ ಸುತ್ತಿಕೊಂಡ ಒಂದು ಹಿಮ್ಮಡಿ ಗಾಯದ ಫೋಟೊ. ಕೂಡಲೇ ಫೋನು ಮಾಡಿದೆ. ಉಳವಿಯ ಹತ್ತಿರದವರು, ವಿನಯದ ಮನುಷ್ಯ.

"ಆಸ್ಪತ್ರೆಗೆ ಹೋಗ್ತಾ ಇದ್ದೀರಾ?" ಎಂದು ಕೇಳಿದೆ.

"ಇಲ್ಲ ಮೇಡಂ, ವಾರ ವಾರ ಇಳೀತಾ ಇದೆಯಲ್ಲ, ಅದಕ್ಕೇ ಬಿಟ್ವಿ. ಮನೇಲೇ ಕಟ್ತಾ ಇದೀವಿ."

"ಅಮ್ಮನ ಹತ್ರ ಒಂದ್ನಿಮಿಷ ಕೊಡಿ."

"ಮಲಗಿದಾರೆ ಮೇಡಂ. ನಿನ್ನೆಯಿಂದ ಸ್ವಲ್ಪ ಚಳಿ ಅಂತಿದಾರೆ."

ಇವತ್ತೇ ಗಾಡಿ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದೆ. ಭತ್ತದ ಕೆಲಸ ನಡೆದಿದೆ, ನಾಡಿದ್ದು ಹೋಗುತ್ತೇವೆ ಅಂದರು. ಮನೆಯ ಗುರುತು ಕೇಳಿ ಬರೆದುಕೊಂಡೆ. ಸಿಸ್ಟರ್‌ಗೆ ತಿಳಿಸಿದೆ. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ಬೇಗ ಬನ್ನಿ ಎಂದರು. ಕಾಲೇಜಿಗೆ ರಜೆ ಬರೆದು ಬಸ್ಸು ಹತ್ತಿದೆ. ಕೂರಲು ಜಾಗವಿತ್ತು, ಆದರೂ ಶಿರಾಳಕೊಪ್ಪದವರೆಗೆ ನಿಂತೇ ಹೋದೆ.